ಗಾಜಿನ ಹಿಂದಿನ ನೋಟಿಸು

ಬ್ರೂಕ್‌ಫೀಲ್ಡಿನ ಲೇಕ್ ಕ್ರೆಸ್ಟ್ ಅಪಾರ್ಟ್‌ಮೆಂಟಿನಿಂದ ಯಾವ ಕೆರೆಯೂ ಕಾಣುವುದಿಲ್ಲ. ಹೆಸರಿನಲ್ಲಿರುವ ಕೆರೆ ಹೆಸರಿನಲ್ಲೇ ಉಳಿದಿದೆ. ನೂರಾ ಎಂಬತ್ತು ಮನೆಗಳವರು ಬಾಲ್ಕನಿಯಲ್ಲಿ ನಿಂತು ಎಂಟು ವರ್ಷ ಅದನ್ನು ಹುಡುಕಿದರು. ಸಿಗಲಿಲ್ಲ. ಕೊನೆಗೆ ಕಮಿಟಿಯವರು ಸೇರಿ, ಹೊರಗೆ ನೀರು ಕಾಣದಿದ್ದರೆ ಒಳಗಾದರೂ ಕಾಣಲಿ ಎಂದು ಲಾಬಿಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇಡಿಸಿದರು. ಒಂದು ಗುರುವಾರ ಅಂಗಡಿಯವನು ಬಂದು ಬಿಳಿ ಕಲ್ಲು ಹಾಸಿ, ಪ್ಲಾಸ್ಟಿಕ್ಕಿನ ಗಿಡ ನೆಟ್ಟು, ನೀರು ತುಂಬಿ, ಅದೇ ಗಂಟೆಗೆ ಹನ್ನೆರಡು ಗೋಲ್ಡ್‌ಫಿಶ್ ಬಿಟ್ಟು, ಎಲ್ಲರಿಂದ ಫೋಟೋ ತೆಗೆಸಿಕೊಂಡು ಹೋದ.

ಶನಿವಾರದ ಹೊತ್ತಿಗೆ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಮೀನುಗಳು ಮಂಜಿನಲ್ಲಿ ಸ್ಕೂಟರಿನ ದೀಪ ಕಂಡಂತೆ ಒಮ್ಮೊಮ್ಮೆ ಕಂಡು ಮಾಯವಾಗುತ್ತಿದ್ದವು.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಅಂದು ಹಬ್ಬ. ಒಬ್ಬರು ಪಟಿಕ ಹಾಕಿ ಎಂದರು. ಇನ್ನೊಬ್ಬರು ಕಲ್ಲುಪ್ಪು ಎಂದರು. ಮೂರನೆಯ ಮಹಡಿಯವರು, ತೊಟ್ಟಿ ಆಗ್ನೇಯದಲ್ಲಿದೆ, ಅಗ್ನಿಯ ಮೂಲೆಯಲ್ಲಿ ನೀರಿಟ್ಟರೆ ಕೆಡದೆ ಇರುತ್ತದೆಯೇ ಎಂದರು. ಇಂಥ ಗುಂಪಿನಲ್ಲಿ ಗೊತ್ತಿಲ್ಲ ಎನ್ನುವವರು ಸಿಗುವುದಿಲ್ಲ, ಅಂಥವರು ಮೊದಲೇ ಗುಂಪು ಬಿಟ್ಟಿರುತ್ತಾರೆ.

ಕಮಿಟಿಯ ಕಾರ್ಯದರ್ಶಿ ಯಮುನಾ ಮೇಡಂ ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸದವರು. ಕೆಲಸ ಏನೆಂದು ಕೇಳಿದವರಿಗೆ ಹೇಳಿದ್ದೂ ಉಂಟು, ಕೇಳಿದವರಿಗೆ ಅರ್ಥವಾದದ್ದು ಮಾತ್ರ ಇಲ್ಲ. ಅವರು ಹೌಸ್‌ಕೀಪಿಂಗ್ ಕೆಲಸದ ಮಲಕವ್ವನನ್ನು ಕರೆದು, "ಪೂರ್ತಿ ಖಾಲಿ ಮಾಡಿ ತೊಳೀರಿ. ಕಲ್ಲು, ಗಿಡ, ಫಿಲ್ಟರು, ಸ್ಪಂಜು ಎಲ್ಲ ನಲ್ಲಿ ಕೆಳಗೆ ಹಿಡಿದು ಫಳಫಳ ಅನ್ನಿಸಿ," ಎಂದರು.

ಮಲಕವ್ವ ಮೀನುಗಳನ್ನು ಬಕೆಟ್ಟಿಗೆ ಹಾಕಿ, ಎರಡು ತಾಸು ಕೂತು ತೊಳೆದಳು. ನೀರು ಹೊಸದಾಯಿತು. ಮೂರನೆಯ ದಿನ ಮತ್ತೆ ಅಕ್ಕಿ ತೊಳೆದ ನೀರು. ಮತ್ತೆ ತೊಳೆದಳು. ಮತ್ತೆ ಬೆಳ್ಳಗಾಯಿತು. ತೊಟ್ಟಿಯನ್ನು ಈಶಾನ್ಯಕ್ಕೆ ಸರಿಸಿದರು. ಮೂಲೆ ಬದಲಾದದ್ದು ನೀರಿಗೆ ಗೊತ್ತಾಗಲಿಲ್ಲ. ಮೂರನೆಯ ಸಲ ತೊಳೆಯುವ ಹೊತ್ತಿಗೆ ಮೂರು ಮೀನು ಸತ್ತವು. ಒಂಬತ್ತು ಉಳಿದವು.

ಮಲಕವ್ವನ ಗಂಡ ಭರಮಪ್ಪ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಎಸ್‌ಟಿಪಿ ನೋಡಿಕೊಳ್ಳುವವನು. ಮೇಲಿನ ನೂರಾ ಎಂಬತ್ತು ಮನೆಗಳ ಬಚ್ಚಲಿನ, ಕಕ್ಕಸಿನ ಕೊಳಚೆಯೆಲ್ಲ ಇಳಿದು ಅವನ ಬಳಿ ಬರುತ್ತದೆ. ಅದನ್ನು ಅವನು ತಿಳಿ ಮಾಡಿ ತೋಟಕ್ಕೆ, ಫ್ಲಶ್ಶಿಗೆ ವಾಪಸು ಕಳಿಸುತ್ತಾನೆ. ಕುಷ್ಟಗಿಯ ಕಡೆಯವನು, ಬೆಂಗಳೂರಿಗೆ ಬಂದು ಹದಿನಾರು ವರ್ಷ. ಕುಡಿಯುವ ನೀರಿನ ಸಂಪೂ ಅವನ ಉಸ್ತುವಾರಿಯೇ. ಪಂಪಿನ ಕೋಣೆಯ ಪಕ್ಕದ ಒಂದು ಕೋಣೆ ಗಂಡಹೆಂಡಿರ ಮನೆ. ಕೆಲಸ ಇರುವ ತನಕ ಮನೆ ಇದೆ.

ಮೊದಲ ಸಲ ತೊಳೆದಾಗಲೇ ಅವನು ಹೆಂಡತಿಗೆ ಹೇಳಿದ್ದ: "ಹೊಸಾ ತೊಟ್ಟಿ ಅದು. ಅದರಾಗ ಹುಳ ಇನ್ನೂ ಹುಟ್ಟಿಲ್ಲ. ತೊಳದಷ್ಟೂ ಕೆಡ್ತೈತಿ."

"ಇದನ್ನ ಹೋಗಿ ಮೇಡಮ್ಮಾರ ಮುಂದ ಹೇಳ್ರಿ. ಮೀನಿನ ನೀರಾಗ ಹುಳ ಬೀಳಬೇಕ್ರಿ ಅಂತ. ನಿಮಗ ಹಾರ ಹಾಕ್ತಾರ," ಎಂದಳು ಮಲಕವ್ವ.

ಭರಮಪ್ಪ ಹುಳ ಎನ್ನುವುದು ಕಣ್ಣಿಗೆ ಕಾಣದ ಜೀವಿಗಳಿಗೆ. ಅವನ ಪ್ಲಾಂಟಿನ ಕೆಲಸವೆಲ್ಲ ಅವುಗಳದೇ. ಅವು ಹೊಲಸು ತಿನ್ನುತ್ತವೆ, ನೀರು ತಿಳಿಯಾಗುತ್ತದೆ. ಎಂಟು ವರ್ಷದ ಹಿಂದೆ ಈ ಪ್ಲಾಂಟು ಶುರುವಾದಾಗ ಮೂರು ವಾರ ನೀರು ಬೆಳ್ಳಗೆ ನೊರೆ ಕಾರಿತ್ತು. ಎಂಜಿನಿಯರುಗಳು ಬಂದು ತಲೆ ಕೆರೆದುಕೊಂಡು ಹೋಗಿದ್ದರು. ಆಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡಿ ಹಣ್ಣಾಗಿದ್ದ ಪಾಪಯ್ಯ ಎನ್ನುವವನು ಬಂದು ನೋಡಿ, ಹಳೆಯ ಪ್ಲಾಂಟೊಂದರ ಕಪ್ಪು ಗಸಿಯನ್ನು ಒಂದು ಟ್ಯಾಂಕರ್ ತರಿಸಿ ಸುರಿಸಿದ್ದ. "ಹೆಪ್ಪು ಹಾಕದೆ ಮೊಸರಾಗುತ್ತೇನಯ್ಯಾ? ಹಾಕಿದ ಮೇಲೆ ಅಲ್ಲಾಡಿಸಬೇಡ," ಎಂದಿದ್ದ. ಅಷ್ಟೇ ಪಾಠ. ಹತ್ತು ದಿನಕ್ಕೆ ನೀರು ತಿಳಿಯಾಗಿತ್ತು. ಅದಕ್ಕಿಂತ ದೊಡ್ಡ ಪಾಠ ಭರಮಪ್ಪ ಯಾವ ಶಾಲೆಯಲ್ಲೂ ಕಲಿಯಲಿಲ್ಲ, ಕಲಿಯುವಷ್ಟು ದಿನ ಶಾಲೆಗೂ ಹೋಗಲಿಲ್ಲ.

ಇತ್ತ ಕಮಿಟಿಯ ಅಧ್ಯಕ್ಷ ಶೇಖರಪ್ಪನವರು ವಿಚಾರಣೆಗೆ ಇಳಿದರು. ಅವರು ಮೂವತ್ತೆರಡು ವರ್ಷ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದು ನಿವೃತ್ತರಾದವರು. ಅಲ್ಲಿ ಒಂದು ಪದ್ಧತಿ ಇತ್ತು. ಏನೇ ಕೆಟ್ಟರೂ ಐದು ಸಲ 'ಯಾಕೆ' ಎಂದು ಕೇಳಿಕೊಳ್ಳಬೇಕು, ಐದನೆಯದಕ್ಕೆ ಮೂಲ ಕಾರಣ ಸಿಗುತ್ತದೆ. ಶೇಖರಪ್ಪನವರು ಬಿಳಿ ಹಲಗೆಯ ಮೇಲೆ ಬರೆದರು. ತೊಟ್ಟಿ ಯಾಕೆ ಕೆಟ್ಟಿತು? ನೀರು ಕೆಟ್ಟಿತು. ನೀರು ಯಾಕೆ ಕೆಟ್ಟಿತು? ಸಂಪಿನಿಂದ ಹಾಗೇ ಬಂತು. ಸಂಪು ಯಾಕೆ ಕೆಟ್ಟಿತು? ಬೇರೆ ನೀರು ಬೆರೆತಿರಬೇಕು. ಯಾಕೆ ಬೆರೆಯಿತು? ಪಕ್ಕದಲ್ಲೇ ಎಸ್‌ಟಿಪಿ ಇದೆ. ಯಾಕೆ ಯಾರೂ ನೋಡಲಿಲ್ಲ? ನೋಡಬೇಕಾದವನು ಭರಮಪ್ಪ.

ಐದನೆಯ 'ಯಾಕೆ'ಗೆ ಸಂಬಳ ಕಡಿಮೆ ಇರುವ ಒಬ್ಬ ಮನುಷ್ಯ ಸಿಕ್ಕಿಬಿಟ್ಟರೆ ಆರನೆಯದನ್ನು ಯಾರೂ ಕೇಳುವುದಿಲ್ಲ.

ಅಲ್ಲಿಂದ ಮಾತು ಲಿಫ್ಟ್ ಹತ್ತಿತು. ಕೊಳಚೆ ನೀರು ಕುಡಿಯುವ ನೀರಿಗೆ ಬೆರೆತಿದೆಯಂತೆ. ಆರನೆಯ ಮಹಡಿಯವರಿಗೆ ಹೊಟ್ಟೆ ನೋವಂತೆ. ಆರನೆಯ ಮಹಡಿಯವರು ಹಿಂದಿನ ದಿನ ಮದುವೆಯೂಟ ಉಂಡು ಬಂದಿದ್ದರು ಎಂಬುದನ್ನು ಯಾರೂ ಬರೆದುಕೊಳ್ಳಲಿಲ್ಲ. ಜನ ಕ್ಯಾನಿನ ನೀರಲ್ಲಿ ಮುಖ ತೊಳೆಯತೊಡಗಿದರು. ಭರಮಪ್ಪ ಸಂಪಿನ ನೀರನ್ನು ಗಾಜಿನ ಲೋಟದಲ್ಲಿ ತಂದು ಅಧ್ಯಕ್ಷರ ಮುಂದೆ ಹಿಡಿದ. ನೀರು ಗಾಜಿಗಿಂತ ತಿಳಿಯಾಗಿತ್ತು.

"ಇದು ಇವತ್ತಿನ ಸ್ಯಾಂಪಲ್ ಕಣಯ್ಯ," ಎಂದರು ಶೇಖರಪ್ಪ. "ಬೆರೆತಿದ್ದು ಆವತ್ತು."

"ಆವತ್ತೂ ಇದ ಸಂಪ್ ರೀ ಸಾಹೇಬ್ರ, ಇದ ನೀರು. ನೀವೂ ಇದರಾಗ ಚಾ ಕುಡದ್ರಿ."

"ವಾದ ಮಾಡ್ಬೇಡ. ಪ್ರೊಸೀಜರ್ ಪ್ರಕಾರ ಹೋಗೋಣ."

ಪ್ರೊಸೀಜರ್ ಶನಿವಾರ ಸಂಜೆ ಕಾಗದದ ರೂಪದಲ್ಲಿ ಬಂತು. ಭರಮಪ್ಪನಿಗೆ ತಿಳಿಯಲೆಂದು ಯಮುನಾ ಮೇಡಂ ಅದನ್ನು ಕನ್ನಡದಲ್ಲೇ ಮಾಡಿಸಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ 'ನೋಟಿಸು'. ಅದರ ಕೆಳಗೆ ಸ್ವಲ್ಪ ಚಿಕ್ಕದಾಗಿ ಅವನ ಹೆಸರು. ಆಮೇಲೆ ಇನ್ನೂ ಚಿಕ್ಕ ಅಕ್ಷರದಲ್ಲಿ, ಕೊಳಚೆ ನೀರನ್ನು ಕುಡಿಯುವ ನೀರಿಗೆ ಬೆರೆಯಲು ಬಿಟ್ಟ ನಿರ್ಲಕ್ಷ್ಯಕ್ಕಾಗಿ, ಎರಡು ವಾರದ ನಂತರದ ಭಾನುವಾರ ನಡೆಯುವ ಸರ್ವಸದಸ್ಯರ ಸಭೆಯೊಳಗೆ ತೊಟ್ಟಿಯ ನೀರು ತಿಳಿಯಾಗದಿದ್ದಲ್ಲಿ, ಸದರಿಯವರನ್ನು ಕೆಲಸದಿಂದಲೂ ಕೋಣೆಯಿಂದಲೂ ಬಿಡಿಸಲಾಗುವುದು ಎಂದಿತ್ತು. ತೀರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಸಹಿ ಹಾಕಿದವರ ಹೆಸರು. ಬೈಗುಳ ದಪ್ಪಕ್ಷರದಲ್ಲಿ, ಬೈದವರು ಸಣ್ಣಕ್ಷರದಲ್ಲಿ. ಕಚೇರಿ ಕಾಗದದ ರೂಢಿಯೇ ಹಾಗೆ.

ಮಲಕವ್ವ ಅದನ್ನು ಓದಿಸಿ ಕೇಳಿ ಒಲೆಗೆ ಪಾತ್ರೆ ಏರಿಸಿದಳು. ಆಮೇಲೆ, "ಕೆಲಸ ಹೋದ್ರ ಇನ್ನೊಂದ್ ಕಡೆ ಸಿಗತೈತಿ," ಎಂದಳು.

"ಸಿಗೂದಿಲ್ಲ," ಎಂದ ಭರಮಪ್ಪ. "ಕಳ್ಳ ಅಂದ್ರ ಒಂದ್ ಕಡೆ ತಗೊಂಡಾರು. ಮಂದಿಗೆ ಹೇಲಿನ ನೀರು ಕುಡಿಸಿದಾಂವ ಅಂದ್ರ ಈ ವೈಟ್‌ಫೀಲ್ಡ್ ಸೀಮ್ಯಾಗ ಯಾವ ಅಪಾರ್ಟ್‌ಮೆಂಟ್‌ನ್ಯಾಗೂ ಒಳಗ ಬಿಡೂದಿಲ್ಲ. ನಂದು ನೀರಿನ ಕೆಲಸ. ನೀರಿನ ಹೆಸರು ಹೋದ್ರ ನಂಗ ಉಳಿಯೂದೇನು?"

"ಹಂಗಾರ ತಿಳಿ ಮಾಡ್ರಿ. ನಿಮಗ ಗೊತ್ತೈತಲ್ಲ."

"ಗೊತ್ತೈತಿ. ಹಳೇ ತೊಟ್ಟಿದೊಂದು ಹೆಪ್ಪು ಹಾಕಿ ಹದಿನಾಲ್ಕ ದಿನ ಯಾರೂ ಮುಟ್ಟದಂಗ ಬಿಟ್ರ ಸಾಕು. ಮುಟ್ಟದಂಗ ಬಿಡಸೂದು ಹೆಂಗ?"

ಮಲಕವ್ವ ನಕ್ಕಳು. "ಹೌದು ಬಿಡ್ರಿ. ಸುಮ್ಮನ ಕುಂದ್ರಿ ಅಂದ್ರ ಅವರಿಗೆ ಜ್ವರ ಬರ್ತೈತಿ. ಏನರ ಒಂದ್ ಕೆಲಸ ಕೊಡ್ರಿ ಅವರಿಗೆ. ಕೂಸಿಗೆ ಖಾಲಿ ಡಬ್ಬಿ ಕೊಟ್ಟಂಗ."

ಭರಮಪ್ಪ ಹೆಂಡತಿಯ ಮುಖ ನೋಡಿದ. ಆ ಹೆಂಗಸಿಗೆ ಎಸ್‌ಟಿಪಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಕಮಿಟಿಯ ಬಗ್ಗೆ ಎಲ್ಲ ಗೊತ್ತಿತ್ತು.

ಹೆಪ್ಪು ಇದ್ದದ್ದು ಚಿಕ್ಕಮುನಿಯಮ್ಮನ ಹಿತ್ತಲಲ್ಲಿ. ಲೇಕ್ ಕ್ರೆಸ್ಟ್ ನಿಂತಿರುವ ಜಾಗ ಆಕೆಯ ರಾಗಿ ಹೊಲ. ಹೊಲಕ್ಕೆ ಬದಲಾಗಿ ಬಂದ ಒಂಬತ್ತು ಫ್ಲಾಟು ಬಾಡಿಗೆಗೆ ಕೊಟ್ಟು, ಪಕ್ಕದ ಹಳೆಯ ಮನೆಯಲ್ಲಿ ಇರುತ್ತಿದ್ದಳು. ಸಂಜೆಯಾದರೆ ಲಾಬಿಯ ಸೋಫಾದಲ್ಲಿ ಕಾಲು ಮೇಲಿಟ್ಟು ಎಲೆಯಡಿಕೆ ಹಾಕಿಕೊಂಡು ಕೂರುವುದು ಅವಳ ಹಕ್ಕು. ಕಾಲು ಇಳಿಸಿ ಎನ್ನಲು ಯಾರಿಗೂ ಧೈರ್ಯವಿಲ್ಲ, ಕಮಿಟಿ ಚುನಾವಣೆಯಲ್ಲಿ ಒಂಬತ್ತು ಫ್ಲಾಟೆಂದರೆ ಒಂಬತ್ತು ಓಟು. ಹಿತ್ತಲಲ್ಲಿ ಎಮ್ಮೆಗಳ ಕಾಲದ ಕಲ್ಲುಬಾನಿಯೊಂದಿತ್ತು. ಅವಳ ಮಗ ಮುನಿಕೃಷ್ಣ ನಾಲ್ಕು ವರ್ಷದ ಹಿಂದೆ ಅದಕ್ಕೆ ಪುಟ್ಟ ಕಾರಂಜಿ ಕೂರಿಸಿ ಮೀನು ಬಿಟ್ಟು ಮರೆತಿದ್ದ. ಮರೆತದ್ದರಿಂದಲೇ ಮೀನು ಬದುಕಿದ್ದವು. ನೀರು ಕನ್ನಡಿಯಂತಿತ್ತು.

"ಅಮ್ಮಾರ, ಆ ಕಾರಂಜಿ ಪಂಪಿನ ಸ್ಪಂಜು ಬೇಕಾಗಿತ್ರಿ," ಎಂದ ಭರಮಪ್ಪ.

"ಯಾವ್ದು, ಆ ಕರ್ರಗಿರೋದಾ? ಗಬ್ಬು ನಾರ್ತೈತೆ ಕಣ್ಲಾ. ಏನ್ ಬಂದೈತೆ ನಿಂಗೆ? ಅಂಗ್ಡೀಲಿ ಒಸಾದು ಸಿಗಾಕಿಲ್ವಾ?"

"ಹೊಸಾದು ಸಿಗತೈತ್ರಿ. ಹಳೇದು ಅಂಗಡ್ಯಾಗ ಸಿಗೂದಿಲ್ಲ."

ಚಿಕ್ಕಮುನಿಯಮ್ಮ ಆ ಮಾತನ್ನು ಎಲೆಯಡಿಕೆಯ ಜೊತೆ ಸ್ವಲ್ಪ ಹೊತ್ತು ಅಗಿದಳು. "ನಿಜ ಕಣಪ್ಪ. ತಕ್ಕೊಂಡೋಗು. ನನ್ ಮೀನಿಗೆ ಅರ್ಧ ಬುಟ್ಟೋಗು."

ಭಾನುವಾರ ಬೆಳಿಗ್ಗೆ ಆರಕ್ಕೆ, ಮಲಕವ್ವ ಲಾಬಿಯ ನೆಲ ಒರೆಸುತ್ತ 'ನೆಲ ಒದ್ದೆಯಿದೆ' ಎಂಬ ಹಳದಿ ಹಲಗೆಗಳನ್ನು ನಾಲ್ಕೂ ಕಡೆ ನಿಲ್ಲಿಸಿದಳು. ಇಡೀ ಕಟ್ಟಡದಲ್ಲಿ ಜನ ಮರ್ಯಾದೆ ಕೊಡುವ ಹಲಗೆ ಅದೊಂದೇ. ಆ ಹತ್ತು ನಿಮಿಷದಲ್ಲಿ ಭರಮಪ್ಪ ಕಪ್ಪು ಸ್ಪಂಜಿನ ಅರ್ಧವನ್ನು ಫಿಲ್ಟರಿನ ಡಬ್ಬಿಯೊಳಗೆ, ಬಿಳಿ ಸ್ಪಂಜಿನ ಹಿಂದೆ ತುರುಕಿದ. ಒಂದಿಷ್ಟು ಕಂದು ನೀರು ತೊಟ್ಟಿಗೆ ಇಳಿಯಿತು. ಮೀನುಗಳು ಮೂಸಿ ನೋಡಿ ಸುಮ್ಮನಾದವು. ಅವಕ್ಕೆ ವಾಟ್ಸಾಪ್ ಇರಲಿಲ್ಲ.

ಎಂಟು ಗಂಟೆಗೆ ಅವನು ಕೈಕಟ್ಟಿ ಶೇಖರಪ್ಪನವರ ಬಾಗಿಲಲ್ಲಿ ನಿಂತ.

"ಸಾಹೇಬ್ರ, ಆ ತೊಟ್ಟಿ ಕಮಿಷನಿಂಗ ಆಗಿಲ್ರಿ."

ಶೇಖರಪ್ಪ ಪೇಪರು ಕೆಳಗಿಟ್ಟರು. ನಿವೃತ್ತರಾದ ಆರು ವರ್ಷದಿಂದ ಅವರ ಮುಂದೆ ಯಾರೂ ಆ ಶಬ್ದ ಆಡಿರಲಿಲ್ಲ. "ಏನಂದೆ?"

"ಯಾವುದ ಮಷಿನ್ ಬಂದ್ರೂ ಮೊದಲ ಟ್ರಯಲ್ ರನ್ ಇರತೈತಲ್ರಿ. ಇದಕ್ಕ ಅಂಗಡ್ಯಾಂವ ಮಾಡೇ ಇಲ್ಲ. ನೀರು ಹಾಕಿ, ಮೀನ ಬಿಟ್ಟು, ಓಡಿ ಹೋದ. ಹದಿನಾಲ್ಕ ದಿನ ರನ್ ಮಾಡಬೇಕು. ದಿನಾ ರೀಡಿಂಗ್ ಬರೀಬೇಕು. ನಡುವ ಯಾರೂ ಕೈ ಹಾಕಬಾರದು, ಕೈ ಹಾಕಿದ್ರ ರೀಡಿಂಗ್ ಸುಳ್ಳಾಗತೈತಿ. ಇದೆಲ್ಲ ನಿಮಗ ಗೊತ್ತಿರೂದ ಐತಿ, ನಾ ಏನ್ ಹೇಳೂದು."

"ಗೊತ್ತಿಲ್ದೆ ಏನು! ನಾನೇ ಹೇಳ್ಬೇಕೂಂತಿದ್ದೆ," ಎಂದರು ಶೇಖರಪ್ಪ. ಎದ್ದು ಬೀರು ತೆಗೆದು, ಕಾರ್ಖಾನೆಯ ಕಾಲದ ನಮೂನೆಯೊಂದನ್ನು ಹುಡುಕಿ ತಂದರು. ದಿನಾಂಕ, ಸಮಯ, ರೀಡಿಂಗ್, ಸಹಿ. ಕೊನೆಗೆ ಒಂದು ಅಗಲವಾದ ಕಾಲಂ. "ಇದು ತುಂಬಾ ಮುಖ್ಯ ಕಣಯ್ಯ. 'ಪ್ರಕ್ರಿಯೆ ನಿಲ್ಲಿಸಲು ಆದೇಶ ಕೊಟ್ಟವರು: ಹೆಸರು, ಫ್ಲಾಟ್ ನಂಬರು, ಸಹಿ.' ನಮ್ಮ ಫ್ಯಾಕ್ಟರೀಲಿ ಈ ಕಾಲಂ ಇಟ್ಮೇಲೆ ಮೂವತ್ತೆರಡು ವರ್ಷ ಒಬ್ಬನೂ ಮಷಿನ್ ನಿಲ್ಲಿಸ್ಲಿಲ್ಲ."

"ಮಷಿನ್ ಕೆಟ್ಟಾಗ್ರಿ?"

"ಆಗ್ಲೂ ನಿಲ್ಲಿಸ್ಲಿಲ್ಲ."

ಭರಮಪ್ಪ ಆ ಕಾಲಮನ್ನು ಎರಡು ಸಲ ಓದಿದ. ಕೇಳದೆ ಸಿಕ್ಕ ವರ ಅದು.

"ರೀಡಿಂಗ್ ಏನು ತಗೋತೀಯ?" ಎಂದರು ಶೇಖರಪ್ಪ.

"ಕಣ್ಣಿನ ಡಾಕ್ಟ್ರು ಗ್ವಾಡಿಗೆ ಅಕ್ಷರ ಹಚ್ಚಿರ್ತಾರಲ್ರಿ, ಹಂಗ. ದಪ್ಪ ಅಕ್ಷರ, ಸಣ್ಣ ಅಕ್ಷರ ಇರೂ ಕಾಗದ ಒಂದನ್ನ ಹಿಂದಿನ ಗಾಜಿಗೆ ಅಂಟಸೂದು. ಮುಂದ ನಿಂತು ಎಷ್ಟನೇ ಸಾಲಿನ ತನಕ ಓದಾಕ ಬರತೈತಿ, ಅದ ರೀಡಿಂಗ್."

"ಭೇಷ್! ಯಾವುದಾದ್ರೂ ಕಾಗದ ಇದ್ಯಾ?"

ಭರಮಪ್ಪ ಅಂಗಿಯ ಜೇಬು ತಡಕಿ ಮಡಿಸಿದ ಕಾಗದವೊಂದನ್ನು ತೆಗೆದ. ಹಿಂದಿನ ಸಂಜೆ ಬಂದ ನೋಟಿಸು. ಅವನ ಜೇಬಿನಲ್ಲಿ ಇದ್ದದ್ದು ಅದೊಂದೇ ಕಾಗದ ಎಂದು ನಂಬುವವರು ನಂಬಬಹುದು.

ಶೇಖರಪ್ಪನವರು ಒಂದು ಕ್ಷಣ ಯೋಚಿಸಿ ಖುಷಿಯಾದರು. "ಒಳ್ಳೇದೇ ಆಯ್ತು. ರೀಡಿಂಗೂ ಆಗುತ್ತೆ, ನಿಂಗೆ ನೆನಪೂ ಇರುತ್ತೆ."

ಹೀಗೆ ನೋಟಿಸು ತೊಟ್ಟಿಯ ಹಿಂದೆ, ಅಕ್ಷರ ಒಳಮುಖವಾಗಿ ಅಂಟಿತು. ಮುಂದೆ ನಿಂತರೆ ಹಾಲು ಮಾತ್ರ ಕಾಣುತ್ತಿತ್ತು. ಮೊದಲ ದಿನದ ರೀಡಿಂಗ್ ಸೊನ್ನೆ. ಶೇಖರಪ್ಪ ಕನ್ನಡಕ ಹಾಕಿಕೊಂಡು ಗಂಭೀರವಾಗಿ ಸೊನ್ನೆ ಬರೆದು ಸಹಿ ಹಾಕಿದರು.

ಎರಡನೆಯ ದಿನ ನೀರು ಇನ್ನೂ ಕೆಟ್ಟಿತು. ಯಮುನಾ ಮೇಡಂ ಆನ್‌ಲೈನಿನಲ್ಲಿ ತರಿಸಿದ ನೀಲಿ ಬಾಟಲಿ ಹಿಡಿದು ಬಂದರು. "ಸರ್, ಇದು ಎರಡೇ ಗಂಟೇಲಿ ಕ್ಲಿಯರ್ ಮಾಡುತ್ತಂತೆ. ನಾಲ್ಕೂವರೆ ಸ್ಟಾರ್ ಇದೆ."

"ಕಮಿಷನಿಂಗ್ ನಡೀತಿದೆಯಮ್ಮ," ಎಂದರು ಶೇಖರಪ್ಪ, ಆಪರೇಷನ್ ನಡೆಯುತ್ತಿದೆ ಎನ್ನುವ ದನಿಯಲ್ಲಿ. "ನೀನು ಬೇಕಾದ್ರೆ ಗ್ರಾಫ್ ಮಾಡು."

ಗ್ರಾಫ್ ಎಂದ ಕೂಡಲೇ ಯಮುನಾ ಮೇಡಂ ಬಾಟಲಿ ಮರೆತರು. ಸಂಜೆಯೊಳಗೆ ಗುಂಪಿನಲ್ಲಿ ಬಣ್ಣಬಣ್ಣದ ಗ್ರಾಫ್ ಬಂತು. ಅದರಲ್ಲಿ ಎರಡು ಚುಕ್ಕಿಗಳಿದ್ದವು, ಎರಡೂ ಸೊನ್ನೆಯ ಮೇಲೆ. ನಲವತ್ತು ಜನ ಹೆಬ್ಬೆರಳು ಎತ್ತಿದರು.

ನಿಜವಾದ ಕಷ್ಟ ಬಂದದ್ದು ಪ್ರೀತಿಯಿಂದ. ಹೋಗುವವರು ಬರುವವರು ಮೀನಿಗೆ ತಿನ್ನಿಸುತ್ತಿದ್ದರು. ಬ್ರೆಡ್ಡು, ಬಿಸ್ಕತ್ತು, ಒಬ್ಬರಂತೂ ಉಪವಾಸದ ದಿನದ ಸಾಬುದಾನಿ. ಮಲಕವ್ವ ಎಂಟು ವರ್ಷದಿಂದ ಅವರ ಮೆಟ್ಟಿಲು ಒರೆಸುತ್ತಿದ್ದಳು. ಅವಳಿಗೆ ಹಸಿವಾಗಬಹುದು ಎಂದು ಹೊಳೆಯದವರಿಗೂ ಮೀನಿನ ಹಸಿವು ಲಿಫ್ಟಿನಿಂದಲೇ ಕಾಣುತ್ತಿತ್ತು. ತಿನ್ನದೆ ಉಳಿದದ್ದು ಕೊಳೆತರೆ ನೀರು ಇನ್ನೊಂದು ತಿಂಗಳು ತಿಳಿಯಾಗದು. ಭರಮಪ್ಪ ಮುಚ್ಚಳಕ್ಕೆ ಬೀಗ ಹಾಕಿ, ನಮೂನೆಯಲ್ಲಿ ಹೊಸ ಸಾಲು ಸೇರಿಸಿದ: 'ಆಹಾರ ಹಾಕಿದವರ ಹೆಸರು, ಫ್ಲಾಟ್ ನಂಬರು, ಸಹಿ.' ಬೀಗಕ್ಕಿಂತ ಆ ಸಾಲೇ ಗಟ್ಟಿಯಾಗಿ ಕೆಲಸ ಮಾಡಿತು. ಅವನು ಮಾತ್ರ ದಿನಕ್ಕೊಂದು ಚಿಟಿಕೆ ಕಾಳು ಹಾಕುತ್ತಿದ್ದ. ಡ್ರಮ್ಮಿನಲ್ಲಿ ಒಂದು ದಿನ ಇಟ್ಟು ಕ್ಲೋರಿನ್ನಿನ ವಾಸನೆ ಹೋಗಿಸಿದ ಸಂಪಿನ ನೀರನ್ನು ದಿನ ಬಿಟ್ಟು ದಿನ ಎರಡು ಕೊಡ ಬದಲಿಸುತ್ತಿದ್ದ. ಸಹಿಯನ್ನೂ ಹಾಕುತ್ತಿದ್ದ. ಆ ಇಡೀ ಕಟ್ಟಡದಲ್ಲಿ ಸಹಿಗೆ ಹೆದರದ ಮನುಷ್ಯ ಅವನೊಬ್ಬನೇ.

ಆರನೆಯ ದಿನ ಹಿಂದೆ ಒಂದು ಕಾಗದ ಇದೆ ಎಂಬುದು ಕಾಣಿಸಿತು. ಎಂಟನೆಯ ದಿನ 'ನೋಟಿಸು' ಓದಲು ಬಂತು. ಲಾಬಿಯಲ್ಲಿ ಚಪ್ಪಾಳೆ. ಹತ್ತನೆಯ ದಿನ 'ಭರಮಪ್ಪ' ಕಂಡ. ಅಷ್ಟು ಹೊತ್ತಿಗೆ ಇದು ಕಟ್ಟಡದ ಚಟವಾಗಿತ್ತು. ಆಫೀಸಿನ ಕ್ಯಾಬು ಕಾಯುವವರು ತೊಟ್ಟಿಯ ಮುಂದೆ ಬಗ್ಗಿ ಕಣ್ಣು ಕಿರಿದು ಮಾಡುತ್ತಿದ್ದರು. ಏಳನೆಯ ಮಹಡಿಯ ಕಾನ್ಪುರದವರು ಬೆಂಗಳೂರಿಗೆ ಬಂದ ಹನ್ನೊಂದು ವರ್ಷದಲ್ಲಿ ಒಂದಕ್ಷರ ಕನ್ನಡ ಕಲಿತಿರಲಿಲ್ಲ. ಅವರು ಸೆಕ್ಯೂರಿಟಿಯವನನ್ನು ಹಿಡಿದು, "ಯೇ 'ನೋ' ಹೈ ನಾ?" ಎಂದು ಕೇಳಿ ಕಲಿಯತೊಡಗಿದರು. ಸಂಜೆ ಸೋಫಾದಿಂದ ಚಿಕ್ಕಮುನಿಯಮ್ಮ ಕೂಗುವಳು: "ಇವತ್ ಏನ್ಲಾ ಓದಾಕ್ ಬಂತು?"

"ಭರಮಪ್ಪ ಅವರಿಗೆ, ಅನ್ನೋತನಕ ಬಂತಮ್ಮ," ಎನ್ನುವನು ಸೆಕ್ಯೂರಿಟಿಯವನು.

"ಅವ್ನಿಗೇನಂತೆ?"

"ಅದಿನ್ನೂ ಕಾಣ್ತಿಲ್ಲ. ನಾಳೆ ಕಾಣುತ್ತೆ."

"ಸೀರಿಯಲ್ ಅಂಗೈತಲ್ಲಪ್ಪ ಇದು," ಎಂದು ಆಕೆ ಇನ್ನೊಂದು ಎಲೆ ಮಡಿಸುವಳು.

ಭರಮಪ್ಪನಿಗೆ ಮಾತ್ರ ಇದು ಸೀರಿಯಲ್ ಆಗಿರಲಿಲ್ಲ. ಬೆಳಿಗ್ಗೆ ಎದ್ದವನೇ ಮೇಲೆ ಹತ್ತಿ ಬಂದು ಗಾಜಿಗೆ ಹಣೆ ತಾಗಿಸಿ ನಿಲ್ಲುತ್ತಿದ್ದ. ಸಾಲು ಕಂಡಷ್ಟೂ ಕೆಲಸ ಉಳಿಯುತ್ತಿತ್ತು, ಸಾಲು ಕಂಡಷ್ಟೂ ಹೆಸರಿಗೆ ಅಂಟಿದ ಹೊಲಸು ಎಲ್ಲರಿಗೂ ಕಾಣುತ್ತಿತ್ತು. ಹನ್ನೆರಡನೆಯ ದಿನ 'ಕೊಳಚೆ ನೀರನ್ನು' ಎಂಬುದು ಸ್ಪಷ್ಟವಾದಾಗ ನಾಲ್ಕು ಜನ ಹಿಂತಿರುಗಿ ಅವನ ಮುಖ ನೋಡಿದರು. ಅವನು ನೆಲ ನೋಡಿದ.

ಶನಿವಾರ, ಹದಿನಾಲ್ಕನೆಯ ದಿನ. ಸಹಿಯವರ ಇರುವೆ ಸಾಲೊಂದು ಬಿಟ್ಟು ಉಳಿದದ್ದೆಲ್ಲ ಕಾಣುತ್ತಿತ್ತು. ಯಮುನಾ ಮೇಡಂ ಸಂಜೆ ನಾಲ್ಕಕ್ಕೆ ಮಲಕವ್ವನನ್ನು ಕರೆದುಕೊಂಡು ಬಂದರು. ಜೊತೆಗೆ ಎರಡು ಬಕೆಟ್ಟು, ಹೊಸ ಬಿಳಿ ಸ್ಪಂಜು.

"ನಾಳೆ ಎಲ್ಲರೂ ಬರ್ತಾರೆ. ಒಂದು ಫೈನಲ್ ಕ್ಲೀನಿಂಗ್ ಮಾಡ್ಬಿಡೋಣ. ಇನ್ನೊಂಚೂರು ಶೈನಿಂಗ್ ಬರ್ಲಿ," ಎನ್ನುತ್ತ ಅವರೇ ತೊಟ್ಟಿಯ ಹೊರಗೆ ತೂಗುವ ಫಿಲ್ಟರಿನ ಡಬ್ಬಿ ಬಿಚ್ಚಿದರು. ಬಿಳಿ ಸ್ಪಂಜಿನ ಹಿಂದೆ ಕಪ್ಪಗೆ ಕೂತಿದ್ದ ಚಿಕ್ಕಮುನಿಯಮ್ಮನ ಸ್ಪಂಜು ಕಂಡಿತು. ಅವರು ಚೀರಿದರು. "ಏನಿದು ಅಸಹ್ಯ! ಯಾರು ಹಾಕಿದ್ದು ಈ ಗಲೀಜನ್ನ?"

ಮಲಕವ್ವ ಬಕೆಟ್ಟು ಹಿಡಿದೇ ನಿಂತಳು. ಪಂಪಿನ ಕೋಣೆಯಿಂದ ಭರಮಪ್ಪ ಓಡಿ ಬಂದ.

"ನಾ ಹಾಕಿದ್ದು ಮೇಡಂ. ಆ ಕರೀದರಿಂದನ ನೀರು ತಿಳಿ ಆಗೈತಿ. ಹುಳ ಅದರಾಗ ಅದಾವು. ಅದನ್ನ ತಗದು ತೊಳದ್ರ ಮಂಗಳವಾರಕ್ಕ ಮತ್ತ ಬೆಳ್ಳಗ ಆಗತೈತಿ."

"ಹುಳಾನಾ? ತೆಗೀರಿ ಮೊದ್ಲು!"

ಹುಳದ ಮಾತು ಹೇಳಿ ಗೆಲ್ಲಲು ಸಾಧ್ಯವಿಲ್ಲ ಎಂದು ಹೆಂಡತಿ ಮೊದಲೇ ಹೇಳಿದ್ದಳು. ಭರಮಪ್ಪ ತಲೆಯಾಡಿಸಿ, ತೊಟ್ಟಿಯ ಪಕ್ಕದಲ್ಲಿ ನೇತುಹಾಕಿದ್ದ ನಮೂನೆಯನ್ನು ತೆಗೆದು ಮುಂದೆ ಹಿಡಿದ.

"ಆತ್ರಿ, ತೆಗೀತೀನಿ. ನನ್ನದೇನೂ ತಕರಾರಿಲ್ಲ. ಈ ಕಾಲಮ್ಮಿನಾಗ ಒಂದ್ ಸಹಿ ಮಾಡ್ರಿ. 'ಪ್ರಕ್ರಿಯೆ ನಿಲ್ಲಿಸಲು ಆದೇಶ ಕೊಟ್ಟವರು.' ಹೆಸರು, ಫ್ಲಾಟ್ ನಂಬರು. ಅಧ್ಯಕ್ಷ ಸಾಹೇಬ್ರ ನಾಳೆ ಇದನ್ನ ಸಭಾದಾಗ ಓದ್ತಾರಂತ್ರಿ."

ಯಮುನಾ ಮೇಡಂ ಕಾಲಂ ನೋಡಿದರು. ಅವರು ಕಂಪನಿಯಲ್ಲಿ ಹದಿನೈದು ವರ್ಷ ಮೇಲೇರಿದ್ದು ಸುಮ್ಮನೆ ಅಲ್ಲ. 'ಟೀಮ್' ಎಂದು, 'ಕಮಿಟಿ' ಎಂದು, 'ನಾವೆಲ್ಲ' ಎಂದು ಎಷ್ಟು ಕಡೆ ಬೇಕಾದರೂ ಬರೆಯುತ್ತಿದ್ದರು. ಒಬ್ಬರದೇ ಹೆಸರು ಕೇಳುವ ಕಾಗದದ ಹತ್ತಿರ ಅವರ ಪೆನ್ನು ಎಂದೂ ಸುಳಿದಿರಲಿಲ್ಲ. ನೋಟಿಸಿನ ಕೆಳಗೂ ಮೂರು ಸಹಿಗಳ ನಡುವೆ ಸೇರಿಕೊಂಡಿದ್ದರು.

"ನಾನು ಆರ್ಡರ್ ಮಾಡ್ತಿಲ್ಲಪ್ಪ," ಎಂದರು. "ಜಸ್ಟ್ ಸಜೆಸ್ಟ್ ಮಾಡಿದೆ."

"ಸಜೆಸ್ಟ್ ಮಾಡಿದವರು ಅಂತನೂ ಬರೀಬಹುದ್ರಿ."

"ಇರ್ಲಿ ಬಿಡಿ. ಹಾಗೇ ಇರ್ಲಿ." ಡಬ್ಬಿ ಮುಚ್ಚಿತು. ಹೊಸ ಸ್ಪಂಜು ಮಲಕವ್ವನ ಪಾತ್ರೆ ತೊಳೆಯಲು ಬಂತು.

ಭಾನುವಾರ ಸಭೆ ಲಾಬಿಯಲ್ಲೇ ನಡೆಯಿತು. ಕುರ್ಚಿಗಳೆಲ್ಲ ತೊಟ್ಟಿಯ ಕಡೆ ಮುಖ ಮಾಡಿದ್ದವು. ನೀರು ಎಷ್ಟು ತಿಳಿಯಾಗಿತ್ತೆಂದರೆ ಒಂಬತ್ತು ಮೀನು ಗಾಳಿಯಲ್ಲಿ ತೇಲಿದಂತೆ ಕಾಣುತ್ತಿದ್ದವು, ಅವುಗಳ ಹಿಂದೆ ನೋಟಿಸು ಅಂಗಡಿಯ ಬೋರ್ಡಿನಂತೆ ಹೊಳೆಯುತ್ತಿತ್ತು. ಶೇಖರಪ್ಪನವರು ಎದ್ದು, ಕಮಿಟಿಯ ವೈಜ್ಞಾನಿಕ ವಿಧಾನದಿಂದ ಈ ಯಶಸ್ಸು ಸಿಕ್ಕಿದೆ ಎಂದು ಹತ್ತು ನಿಮಿಷ ಹೇಳಿದರು. ಯಮುನಾ ಮೇಡಂ ಗ್ರಾಫ್ ತೋರಿಸಿದರು. ಭರಮಪ್ಪ ಕಂಬದ ಪಕ್ಕ ನಿಂತಿದ್ದ.

ಚಪ್ಪಾಳೆ ನಿಂತ ಮೇಲೆ ಸೋಫಾದಿಂದ ದನಿ ಬಂತು. "ಎಲ್ಲಾ ಸರಿ ಕಣಪ್ಪ ಶೇಕ್ರಪ್ಪ. ಅದ್ರಾಗೇನ್ ಬರ್ದೈತೆ ಒಸಿ ಪೂರ್ತಿ ಓದು. ಅದಿನೈದ್ ದಿನದಿಂದ ಕಾಯ್ತಿವ್ನಿ. ನಂಗ್ ಓದಾಕ್ ಬರಾಕಿಲ್ಲ."

"ಅದು... ಈಗ ಯಾಕಮ್ಮ..."

"ನೀರ್ ತಿಳಿ ಆಗೈತೋ ಇಲ್ವೋ ಗೊತ್ತಾಗೋದು ಬ್ಯಾಡ್ವಾ? ಓದು. ಗಟ್ಯಾಗಿ."

ಒಂಬತ್ತು ಓಟಿನ ಮಾತು. ಶೇಖರಪ್ಪ ಕನ್ನಡಕ ಏರಿಸಿ ಓದಿದರು. 'ಕೊಳಚೆ ನೀರನ್ನು ಕುಡಿಯುವ ನೀರಿಗೆ ಬೆರೆಯಲು ಬಿಟ್ಟ ನಿರ್ಲಕ್ಷ್ಯಕ್ಕಾಗಿ' ಎಂಬಲ್ಲಿ ದನಿ ಇಳಿಯಿತು. 'ಕೋಣೆಯಿಂದಲೂ ಬಿಡಿಸಲಾಗುವುದು' ಎಂಬಲ್ಲಿ ಕೆಮ್ಮು ಬಂತು. ಕೊನೆಯ ಇರುವೆ ಸಾಲಿಗೆ ಬಂದು ನಿಂತರು.

"ಕೆಳಗಡೆ ಏನೋ ಐತಲ್ಲ?"

"ಸಹಿ," ಎಂದರು ಶೇಖರಪ್ಪ.

"ಯಾರ್ದು?"

"...ನಮ್ದೇ."

"ಅಲ್ಲಪ್ಪ, ಅದೇ ಸಂಪಿನ ನೀರ್ ತಾನೇ ಈಗ್ಲೂ ತೊಟ್ಟೀಲಿರೋದು? ಅಂಗಾದ್ರೆ ಕೊಳ್ಚೆ ಎಲ್ ಓಯ್ತು?"

ಇದು ಆರನೆಯ 'ಯಾಕೆ'. ಬಿಳಿ ಹಲಗೆಯ ಮೇಲೆ ಅದಕ್ಕೆ ಜಾಗ ಬಿಟ್ಟಿರಲಿಲ್ಲ. ಕ್ಯಾನಿನ ನೀರಲ್ಲಿ ಮುಖ ತೊಳೆದವರು ಮೀನುಗಳನ್ನು ಬಹಳ ಗಮನವಿಟ್ಟು ನೋಡತೊಡಗಿದರು.

ಕೂಡಲೇ ನಿರ್ಣಯವಾಯಿತು: ಉದ್ದೇಶ ಈಡೇರಿದ್ದರಿಂದ ನೋಟಿಸನ್ನು ಮುಕ್ತಾಯಗೊಳಿಸಲಾಗಿದೆ. ಭರಮಪ್ಪನ ಕೆಲಸ, ಕೋಣೆ ಎರಡೂ ಉಳಿದವು. ಯಮುನಾ ಮೇಡಂ ನಗುತ್ತ, "ಭರಮಪ್ಪ, ಆ ಪೇಪರ್ ತೆಗೆದ್ಬಿಡಿ ಈಗ. ಮೀನಿನ ಹಿಂದೆ ಚೆನ್ನಾಗಿ ಕಾಣಲ್ಲ," ಎಂದರು.

"ತೆಗೀತೀನ್ರಿ ಮೇಡಂ," ಎಂದ ಭರಮಪ್ಪ. ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಅಷ್ಟು ಜನರ ಮುಂದೆ ಮಾತಾಡಿ ಅವನಿಗೆ ರೂಢಿಯಿರಲಿಲ್ಲ. "ರೀಡಿಂಗಿಗೆ ಅಂತ ಅಲ್ಲೊಂದು ಕಾಗದ ಬೇಕಲ್ರಿ. ಇದರ ಬದಲಿಗೆ ಅಂಟ್ಸಾಕ ಒಂದ್ ಕೊಡ್ರಿ. ನೀರು ಮೊದಲಿಂದ ಸರಿ ಇತ್ತು, ಭರಮಪ್ಪ ಏನೂ ಬೆರಸಿಲ್ಲ ಅಂತ. ಅದ ಮೂರ ಮಂದಿ ಸಹಿ ಇರಲಿ. ಅದು ಬರೂತನಕ ಇದು ಇರತೈತಿ."

ಶೇಖರಪ್ಪ ಯಮುನಾ ಅವರನ್ನು ನೋಡಿದರು. ಯಮುನಾ ಗ್ರಾಫನ್ನು ನೋಡಿದರು. ಏಳನೆಯ ಮಹಡಿಯ ಕಾನ್ಪುರದವರು ಹಿಂದಿನಿಂದ ಅಕ್ಷರ ಕೂಡಿಸಿ ಕೂಡಿಸಿ "ಕೊ...ಳ...ಚೆ" ಎಂದು ಗಟ್ಟಿಯಾಗಿ ಓದಿ, "ಯೇ ಕ್ಯಾ ಹೋತಾ ಹೈ?" ಎಂದು ಪಕ್ಕದವರನ್ನು ಕೇಳಿದರು. ಅರ್ಧ ಗಂಟೆಯಲ್ಲಿ ಹೊಸ ಕಾಗದ ಪ್ರಿಂಟಾಗಿ ಬಂತು.

ಭರಮಪ್ಪ ಅದನ್ನು ಓದಿ ವಾಪಸು ಕೊಟ್ಟ. "ಸಹಿ ಭಾಳ ಸಣ್ಣ ಆಗ್ಯಾವ್ರಿ. ಹೆಸರಿನಷ್ಟ ದಪ್ಪ ಇರಲಿ."

ಎರಡನೆಯ ಸಲ ದಪ್ಪವಾಗಿ ಬಂತು. ಅಂಟಿಸುವಾಗ ಮಲಕವ್ವ ಟೇಪು ಹರಿದು ಹರಿದು ಕೊಟ್ಟಳು. ಮುಂದೆ ಬಂದು ನಿಂತು, "ಓದ್ರಿ ಒಮ್ಮೆ," ಎಂದಳು. ಅವನು ಓದಿದ. ನಡುವೆ ಒಂದು ಮೀನು ಅಡ್ಡ ಬಂತು. ಅದು ಹೋಗುವ ತನಕ ಕಾದು ಉಳಿದದ್ದನ್ನು ಓದಿದ.

ಒಂದು ವಾರ ಕಳೆದ ಮೇಲೆ ಮೂರನೆಯ ಮಹಡಿಯವರು ತೊಟ್ಟಿಯ ಮುಂದೆ ನಿಂತು, "ಕಲ್ಲಿನ ಮೇಲೆ ಒಂಚೂರು ಕಂದು ಬಂದಿದೆ, ತೆಗೆದು ತೊಳೆದುಬಿಟ್ರೆ ಹೇಗೆ?" ಎಂದರು.

"ತೊಳೀಬಹುದ್ರಿ," ಎಂದ ಭರಮಪ್ಪ ಮೃದುವಾಗಿ. ನಮೂನೆಯನ್ನು ಗೋಡೆಯಿಂದ ಇಳಿಸಿದ, ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟ, ತನ್ನದೇ ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟ.